ಬೈಕಿನ ಪೆಟ್ಟಿಗೆ ಬದಲಿಸುವ ಮುನ್ನ

ಕಳೆದ ಮಳೆಗಾಲದ ಒಂದು ರಾತ್ರಿ, ಹೋಟೆಲುಗಳು ಬಾಗಿಲು ಹಾಕುವ ಹೊತ್ತಿಗೆ, ಮಾಟುಂಗಾದ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಬಳಿ ಕುಳಿತುಕೊಳ್ಳುವ ನಮ್ಮ ಊರಕಡೆಯ ತರುಣನೊಬ್ಬನಿಂದ ನಮಗೆ ಫೋನು ಬಂದಿತು. ಒಂದು ವಾರ ಮುಂಜಾನೆಯ ಪಾಳಿ, ಇನ್ನೊಂದು ವಾರ ರಾತ್ರಿಯ ಪಾಳಿ, ಚೆಂಬೂರಿನಾಚೆ ವಾಸ. ಮೊದಲ ಗಾಡಿಗಿಂತ ಮುಂಚೆ ಬರಬೇಕು, ಕೊನೆಯ ಗಾಡಿ ತಪ್ಪಿದ ಮೇಲೆ ಹೋಗಬೇಕು. ಆದುದರಿಂದ ಎರಡು ವರುಷ ಕೂಡಿಟ್ಟ ಹಣದಿಂದ ಅವನೊಂದು ಸೆಕೆಂಡ್‌ಹ್ಯಾಂಡ್ ಮೋಟಾರ್ ಸೈಕಲ್ಲನ್ನು ಕೊಂಡಿದ್ದ. ತನ್ನ ಅಂತಸ್ತಿಗೆ ತುಸು ಮೀರಿದ್ದೇ, ಕೀಲಿಯ ತಲೆಯೊಳಗೆ ಚಿಪ್ ಇರುವ ಜಾತಿಯದು. ತರುಣನಲ್ಲವೇ, ಆಸೆಪಟ್ಟದ್ದನ್ನು ನಾವು ತಪ್ಪೆನ್ನಲಾರೆವು.

"ಬೈಕು ಹೊರಡುವುದಿಲ್ಲ ಅಣ್ಣ. ಇಸಿಯು ಹೋಗಿದೆ ಎನ್ನುತ್ತಾರೆ. ಹೊಸದಕ್ಕೆ ಹದಿನೆಂಟು ಸಾವಿರವಂತೆ. ಹಳೆಯದೊಂದು ಉಂಟಂತೆ, ಆರು ಸಾವಿರಕ್ಕೆ ಹಾಕಿಕೊಡುತ್ತಾರಂತೆ. ಹಾಕಿಸಲೋ ಬೇಡವೋ?"

ನಮಗೆ ನಿದ್ರೆಯ ಹೊತ್ತು. ಇಸಿಯು ಎಂದರೇನೆಂದು ಆಗ ನಮಗೆ ಸರಿಯಾಗಿ ತಿಳಿದೂ ಇರಲಿಲ್ಲ. ಆರು ಹದಿನೆಂಟಕ್ಕಿಂತ ಕಡಿಮೆ ಎಂಬಷ್ಟು ಗಣಿತ ಮಾತ್ರ ತಿಳಿದಿತ್ತು. "ಹಾಕಿಸಿಬಿಡು ಮಾರಾಯ" ಎಂದೆವು; ಹಣವನ್ನೂ ನಾವೇ ಕಳುಹಿಸಿದೆವು. ಮರುದಿನ ಸಂಜೆ ಅವನು ಮತ್ತೆ ಫೋನು ಮಾಡಿದ. ಪೆಟ್ಟಿಗೆ ಬದಲಾಗಿತ್ತು, ಬೈಕು ಮಾತ್ರ ಹೊರಟಿರಲಿಲ್ಲ. ಮೀಟರಿನಲ್ಲಿ ಕೀಲಿಯ ಚಿತ್ರದ ಕೆಂಪು ದೀಪವೊಂದು ಮಿಣುಕುತ್ತಿತ್ತು. "ಲಾಕ್ ಆಗಿದೆ, ಲಾಕ್ ತೆಗೆಯಲು ಇನ್ನು ಮೂರು ಸಾವಿರ" ಎಂದು ಗ್ಯಾರೇಜಿನವರು ಹೇಳಿದ್ದರು. ಅಲ್ಲಿಗೆ ನಮ್ಮ ನಿದ್ರೆ ಹಾರಿತು. ಅಂದಿನಿಂದ ಹತ್ತು ದಿನ ನಾವು ಕಲಿತದ್ದನ್ನು ಓದುಗರ ಮುಂದಿಡುವುದು ಇಲ್ಲಿಯ ಉದ್ದೇಶ. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ, ಎಲ್ಲಿ ನೋಡಿದರೂ ನಮ್ಮ ಹುಡುಗರ ದುಡಿಮೆ ಇಂದು ಎರಡು ಗಾಲಿಗಳ ಮೇಲೆ ನಿಂತಿದೆ.

ಇಸಿಯು ಎಂಬುದು ಅಂಗೈಯಗಲದ ಒಂದು ಪೆಟ್ಟಿಗೆ. ಸಾಮಾನ್ಯವಾಗಿ ಸೀಟಿನ ಕೆಳಗೋ ಟ್ಯಾಂಕಿನ ಅಡಿಯಲ್ಲೋ ಇರುತ್ತದೆ. ಒಳಗೆ ಒಂದು ಚಿಕ್ಕ ಗಣಕ, ಅದರ ಸ್ಮರಣಕೋಶ, ವಿದ್ಯುತ್ತನ್ನು ಬಿಡುವ ಹಿಡಿಯುವ ಬಿಡಿಭಾಗಗಳು. ನೀರು ಸೇರದಂತೆ ಎಲ್ಲದರ ಮೇಲೂ ಅಂಟು ಸುರಿದು ಮುಚ್ಚಿರುತ್ತಾರೆ. ಆದಕಾರಣ ಬಿಚ್ಚಿ ರಿಪೇರಿ ಮಾಡುವುದು ಬಲು ಕಷ್ಟ. ಎಂಜಿನಿನ ಸುತ್ತು ಎಲ್ಲಿಗೆ ಬಂದಿದೆ, ಆಕ್ಸಿಲರೇಟರನ್ನು ಎಷ್ಟು ತಿರುಗಿಸಿದ್ದಾರೆ, ಒಳಹೋಗುವ ಗಾಳಿಯ ಒತ್ತಡವೆಷ್ಟು, ಎಂಜಿನು ಎಷ್ಟು ಕಾದಿದೆ, ಹೊಗೆಯಲ್ಲಿ ಆಮ್ಲಜನಕವೆಷ್ಟು ಉಳಿದಿದೆ, ಬೈಕು ಮಗುಚಿ ಬಿದ್ದಿದೆಯೇ ಎಂಬ ಸುದ್ದಿಯೆಲ್ಲ ಸೆನ್ಸಾರುಗಳ ಮೂಲಕ ಈ ಪೆಟ್ಟಿಗೆಗೆ ತಲುಪುತ್ತದೆ. ಅದು ಲೆಕ್ಕ ಹಾಕಿ, ಇಂಜೆಕ್ಟರು ಸೆಕೆಂಡಿನ ಸಾವಿರದ ಎಷ್ಟನೆಯ ಪಾಲಿನಷ್ಟು ಹೊತ್ತು ತೆರೆದಿರಬೇಕು, ಪ್ಲಗ್ಗು ಯಾವ ಕ್ಷಣದಲ್ಲಿ ಕಿಡಿ ಹಾರಿಸಬೇಕು ಎಂದು ಅಪ್ಪಣೆ ಕೊಡುತ್ತದೆ. ಹೋಟೆಲಿನ ಭಾಷೆಯಲ್ಲಿ ಹೇಳುವುದಾದರೆ ಇದು ಅಡಿಗೆಯವನಲ್ಲ, ಸಪ್ಲೈಯರನೂ ಅಲ್ಲ. ಆರ್ಡರನ್ನು ಕೇಳಿ ಒಳಗೆ ಕೂಗುವವನು. ಅವನು ಕೂಗದಿದ್ದರೆ ಒಲೆ ಉರಿಯುತ್ತಿದ್ದರೂ ಮೇಜಿಗೆ ದೋಸೆ ಬಾರದು.

ನಮ್ಮ ಹಿರಿಯರ ಕಾಲದಲ್ಲಿ ಇದಾವುದೂ ಇರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ದಿಗಳನ್ನು ಓಡಿಸಿದವರು ಬಲ್ಲರು: ಕಾರ್ಬ್ಯುರೇಟರನ್ನು ಊದಿ, ಪಾಯಿಂಟಿಗೆ ಉಪ್ಪುಕಾಗದ ಉಜ್ಜಿ, ಪ್ಲಗ್ಗನ್ನು ಒರೆಸಿದರೆ ಮುಕ್ಕಾಲು ರೋಗ ವಾಸಿ. ಮುಂಬಯಿಯ 2005ರ ಜುಲಾಯಿ 26ನ್ನು ಮರೆತವರಿಲ್ಲ. ಅಂದು ಸಾಂತಾಕ್ರೂಜಿನಲ್ಲಿ 24 ತಾಸುಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಸಾವಿರಾರು ವಾಹನಗಳು ನೀರಿನಲ್ಲಿ ಮುಳುಗಿದವು. ಆಗಿನ ಬೈಕುಗಳಿಗೆ ಎಣ್ಣೆ ಬದಲಿಸಿ, ಕಾರ್ಬ್ಯುರೇಟರ್ ಬಿಚ್ಚಿ ಒಣಗಿಸಿ, ಮತ್ತೆ ಕಿಕ್ಕು ಹೊಡೆದು ಮನೆಗೆ ಹೋದವರನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮರುವರ್ಷವೇ, 2006ರಲ್ಲಿ, ಹೀರೋ ಹೋಂಡಾದ ಗ್ಲಾಮರ್ ಎಫ್.ಐ. ಬಂದಿತು, 2007ರಲ್ಲಿ ಬಜಾಜಿನ ಪಲ್ಸರ್ 220. ಇಂಜೆಕ್ಷನ್ನಿನ ಬೈಕುಗಳು ನಮ್ಮ ದೇಶದ ಬೀದಿಗೆ ಕಾಲಿಟ್ಟದ್ದು ಹೀಗೆ. ಬಳಿಕ 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಎಂಬ ಹೊಗೆಯ ನಿಯಮ ಜಾರಿಗೆ ಬಂದಾಗ ಹೊಸ ಬೈಕುಗಳಲ್ಲಿ ಬಹುಪಾಲು ಇಂಜೆಕ್ಷನ್ನಿಗೆ ತಿರುಗಿದವು. ಇಂದು ನೂರು ಸಿ.ಸಿ.ಯ ಬಡವನ ಬೈಕಿನಲ್ಲಿಯೂ ಈ ಪೆಟ್ಟಿಗೆ ಕುಳಿತಿದೆ. ಹೊಗೆ ಕಡಿಮೆಯಾಯಿತು, ಸರಿಯೇ. ಆದರೆ ರಸ್ತೆಬದಿಯ ಮೆಕ್ಯಾನಿಕನ ಕೈಯಲ್ಲಿದ್ದ ಉಪ್ಪುಕಾಗದಕ್ಕೆ ಕೆಲಸ ತಪ್ಪಿತು. ಅವರಲ್ಲಿ ಕೆಲವರು ಹೊಸ ವಿದ್ಯೆ ಕಲಿತರು. ಕಲಿಯದವರು ಗೊತ್ತಾಗದ ರೋಗಕ್ಕೆಲ್ಲ "ಇಸಿಯು ಹೋಗಿದೆ" ಎನ್ನತೊಡಗಿದರು.

ವಾಸ್ತವವಾಗಿ ಈ ಪೆಟ್ಟಿಗೆ ಕೆಡುವುದು ವಿರಳ. ಅದಕ್ಕೆ ಹೋಗುವ ವಿದ್ಯುತ್ತು, ಅದರಿಂದ ಬರುವ ತಂತಿ, ತಂತಿಯ ತುದಿಯ ಪಿನ್ನು, ಇವು ಕೆಡುವುದೇ ಹೆಚ್ಚು. ಓದುಗರು ಕೈಯಲ್ಲಿ ಯಾವ ಸಲಕರಣೆಯೂ ಇಲ್ಲದೆ ತಾವೇ ಮಾಡಬಹುದಾದ ಪರೀಕ್ಷೆಯೊಂದಿದೆ. ಎಂಜಿನಿನ ಕೆಂಪು ಸ್ವಿಚ್ಚನ್ನು ಸರಿಯಾದ ಕಡೆಗೆ ಇಟ್ಟು ಕೀಲಿ ತಿರುಗಿಸಿರಿ. ಎಂಜಿನಿನ ಚಿತ್ರವಿರುವ ಹಳದಿ ದೀಪ ಹತ್ತಬೇಕು. ಟ್ಯಾಂಕಿನೊಳಗಿನ ಪಂಪು ಎರಡು ಮೂರು ಸೆಕೆಂಡು 'ಝುಂಯ್' ಎಂದು ನಿಲ್ಲಬೇಕು. ಇವೆರಡೂ ಆದರೆ ಪೆಟ್ಟಿಗೆಗೆ ಜೀವವಿದೆ ಎಂದೇ ಬಹುಮಟ್ಟಿಗೆ ನಂಬಬಹುದು. ಎರಡೂ ಆಗದಿದ್ದರೆ ಕೂಡಲೇ ಪೆಟ್ಟಿಗೆಯ ಮೇಲೆ ಅಪವಾದ ಹೊರಿಸಬಾರದು. ಮೊದಲು ಫ್ಯೂಸು, ಆಮೇಲೆ ರಿಲೇ, ಬ್ಯಾಟರಿಯ ತುದಿಗಳು, ಅರ್ತಿಂಗ್ ತಂತಿ, ಬೈಕು ಮಗುಚಿದರೆ ಎಂಜಿನನ್ನು ನಿಲ್ಲಿಸುವ ಸೆನ್ಸಾರು, ಇವನ್ನೆಲ್ಲ ನೋಡಬೇಕು. ಚೆನ್ನಾಗಿರುವ ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ. ಸೆಲ್ಫ್ ಒತ್ತಿದಾಗ ಅದು ಹತ್ತಕ್ಕಿಂತ ತೀರ ಕೆಳಗಿಳಿದರೆ ಪೆಟ್ಟಿಗೆ ತಲೆಸುತ್ತಿ ಬಿದ್ದವನಂತೆ ಆಗಿಬಿಡುತ್ತದೆ, ಸತ್ತದ್ದಲ್ಲ, ಅನ್ನವಿಲ್ಲದ್ದು.

ನಿಜವಾಗಿ ಪೆಟ್ಟಿಗೆಯನ್ನು ಕೊಲ್ಲುವ ಕೃತ್ಯಗಳೂ ಇವೆ, ಅವುಗಳಲ್ಲಿ ಹೆಚ್ಚಿನವು ಮನುಷ್ಯಕೃತ. ಬ್ಯಾಟರಿಯ ತಂತಿಗಳನ್ನು ಅದಲುಬದಲು ಸೇರಿಸುವುದು. ಪೆಟ್ಟಿಗೆಯ ತಂತಿ ಬಿಚ್ಚದೆ ಚಾಸಿಗೆ ವೆಲ್ಡಿಂಗ್ ಮಾಡಿಸುವುದು. ಸರ್ವಿಸ್ ಸ್ಟೇಷನ್ನಿನಲ್ಲಿ ಸೀಟು ತೆಗೆದು ಒತ್ತಡದ ನೀರನ್ನು ನೇರವಾಗಿ ಒಳಕ್ಕೆ ಹೊಡೆಸುವುದು. ಗಟ್ಟಿಯಾಗಿ ಕೂಗುವ ಹಾರನ್ನು, ಕಣ್ಣು ಕುಕ್ಕುವ ದೀಪಗಳನ್ನು ಸಿಕ್ಕ ತಂತಿಗೆ ಕಚ್ಚಿಸುವುದು. ಈ ಕೊನೆಯದರಲ್ಲಿ ನಮ್ಮ ಹುಡುಗರು ನಿಸ್ಸೀಮರು.

ಈಗ ಮಿಣುಕುವ ಆ ಕೆಂಪು ದೀಪದ ವಿಚಾರ. ಚಿಪ್ ಇರುವ ಕೀಲಿಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ವಸ್ತುವಿದೆ. ಅದಕ್ಕೆ ಬ್ಯಾಟರಿಯಿಲ್ಲ. ಕೀಲಿಯನ್ನು ತೂರಿಸಿದೊಡನೆ ಬೀಗದ ಸುತ್ತ ಇರುವ ತಂತಿಸುರುಳಿ ಗಾಳಿಯ ಮೂಲಕವೇ ಅದಕ್ಕೆ ಕಿಂಚಿತ್ತು ವಿದ್ಯುತ್ತನ್ನು ಕೊಡುತ್ತದೆ. ಅದು ಎಚ್ಚತ್ತು ತನ್ನ ಗುಪ್ತಸಂಖ್ಯೆಯನ್ನು ಹೇಳುತ್ತದೆ. ಆ ಸಂಖ್ಯೆ ಬೈಕಿನ ಸ್ಮರಣಕೋಶದಲ್ಲಿ ಬರೆದಿಟ್ಟಿರುವ ಸಂಖ್ಯೆಗೆ ಸರಿಹೊಂದಿದರೆ ಮಾತ್ರ ಕಿಡಿಯೂ ಪೆಟ್ರೋಲೂ ಬಿಡುಗಡೆ. ಇಲ್ಲವಾದರೆ ಸೆಲ್ಫ್ ತಿರುಗಿದರೂ ಎಂಜಿನು ಹೊರಡದು. ಇದನ್ನು ಇಮ್ಮೊಬಿಲೈಸರ್ ಎನ್ನುತ್ತಾರೆ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು. ನಮ್ಮಲ್ಲಿ ಸಾಮಾನ್ಯ ಬೈಕುಗಳಲ್ಲಿ ಇದು ಅಪರೂಪವೇ ಆಗಿತ್ತು. ಹೋಂಡಾ ಕಂಪನಿ 2023ರ ಜನವರಿಯಲ್ಲಿ ಆಕ್ಟಿವಾದ ಎಚ್-ಸ್ಮಾರ್ಟ್ ಮಾದರಿಯನ್ನು ತಂದಾಗ, ಜೇಬಿನಲ್ಲಿರುವ ಕೀಲಿಯನ್ನು ಇಸಿಯು ಗುರುತು ಹಿಡಿಯುವ ಏರ್ಪಾಡು ಮಧ್ಯಮ ವರ್ಗದ ಸ್ಕೂಟರಿಗೂ ಇಳಿದು ಬಂದಿತು.

ಹೀಗಿರುವಲ್ಲಿ ಇಸಿಯು, ಬೀಗ ಮತ್ತು ಕೀಲಿ ಒಂದೇ ಕುಟುಂಬದವು ಎಂದು ತಿಳಿಯಬೇಕು. ಬೇರೊಂದು ಬೈಕಿನಿಂದ ಕಿತ್ತು ತಂದ ಪೆಟ್ಟಿಗೆ ನಿಮ್ಮ ಕೀಲಿಯನ್ನು ಅಪರಿಚಿತನೆಂದೇ ಭಾವಿಸುತ್ತದೆ. ಅದು ಕೆಟ್ಟದ್ದಲ್ಲ, ತನ್ನ ಯಜಮಾನನಿಗೆ ನಿಷ್ಠವಾಗಿದೆ, ಅಷ್ಟೇ. ಯಮಾಹಾ ಕಂಪನಿಯ ದೊಡ್ಡ ಬೈಕುಗಳಲ್ಲಿ ಈ ಏರ್ಪಾಡಿನ ಕಟ್ಟುನಿಟ್ಟನ್ನು ಸ್ಪಷ್ಟವಾಗಿ ಕಾಣಬಹುದು. ಅವುಗಳೊಂದಿಗೆ ಕೆಂಪು ತಲೆಯ ಒಂದು ಕೀಲಿಯನ್ನೂ ಕಪ್ಪು ತಲೆಯ ಎರಡು ಕೀಲಿಗಳನ್ನೂ ಕೊಡುತ್ತಾರೆ. ದಿನಬಳಕೆಗೆ ಕಪ್ಪು ಕೀಲಿಗಳು. ಕೆಂಪು ಕೀಲಿ ಹೊಸ ಕೀಲಿಗಳಿಗೆ ಸಂಖ್ಯೆಯನ್ನು ಬರೆಯಿಸಲಿಕ್ಕೆ ಮಾತ್ರ. ಕೆಂಪು ಕೀಲಿ ಕಳೆದುಹೋದರೆ ಹೊಸ ಕೀಲಿ ಬರೆಯಿಸುವಂತಿಲ್ಲ. ಮೂರೂ ಕಳೆದವೋ, ಇಡೀ ಏರ್ಪಾಡನ್ನೇ ಬದಲಿಸಬೇಕೆಂದು ಕಂಪನಿಯ ಕೈಪಿಡಿಯೇ ಹೇಳುತ್ತದೆ. ಮದುವೆಯ ಒಡವೆಯಂತೆ ಜೋಪಾನ ಮಾಡಬೇಕಾದ ಈ ಕೆಂಪು ಕೀಲಿಯನ್ನು ಗೊಂಚಲಿಗೆ ಸೇರಿಸಿಕೊಂಡು ತಿರುಗುವ ಮಹಾನುಭಾವರೂ ಇದ್ದಾರೆಂದು ಕೇಳಿದ್ದೇವೆ.

ಪೆಟ್ಟಿಗೆ ನಿಜವಾಗಿಯೂ ಕೆಟ್ಟಿದೆ ಎಂದು ಖಚಿತವಾದರೆ ಮಾಡುವುದೇನು? ಖರ್ಚು ಹೆಚ್ಚಾದರೂ ನೇರವಾದ ದಾರಿ ಕಂಪನಿಯ ಡೀಲರಿನದು. ಹೊಸ ಪೆಟ್ಟಿಗೆಯ ಸ್ಮರಣಕೋಶ ಖಾಲಿ ಇರುತ್ತದೆ; ಡೀಲರು ನಿಮ್ಮ ಕೀಲಿಗಳನ್ನು ಅದಕ್ಕೆ ಪರಿಚಯಿಸಿ, ಆಕ್ಸಿಲರೇಟರ್ ಮುಚ್ಚಿರುವ ಸ್ಥಾನ ಯಾವುದೆಂದು ಕಲಿಸಿ, ಹಳೆಯ ದೋಷಗಳ ದಾಖಲೆಯನ್ನು ಅಳಿಸಿ ಕೊಡುತ್ತಾನೆ. ಅದಕ್ಕೆ ಬೇಕಾದ ಯಂತ್ರ ಅವನಲ್ಲಿದೆ. ಹಳೆಯದನ್ನೇ ಕೊಳ್ಳುವವರು ಪೆಟ್ಟಿಗೆಯೊಂದನ್ನೇ ಕೊಳ್ಳದೆ, ಅದರ ಬೀಗ ಮತ್ತು ಕೀಲಿಗಳನ್ನು ಕೂಡಿಸಿಯೇ ಕೊಳ್ಳಬೇಕು. ಲೇಬಲಿನ ಮೇಲಿನ ಪಾರ್ಟ್ ನಂಬರು ಅಕ್ಷರಶಃ ಹೊಂದಬೇಕು. ನೋಟಕ್ಕೆ ಒಂದೇ ಆಗಿದ್ದರೂ ಬಿ.ಎಸ್. 4ರ ಪೆಟ್ಟಿಗೆ ಬಿ.ಎಸ್. 6ಕ್ಕೆ ಆಗದು. ಬಿಚ್ಚುವ ಮುನ್ನ ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಳಚುವುದನ್ನು ಮರೆಯಕೂಡದು. ಮೂರನೆಯ ದಾರಿಯೂ ಒಂದಿದೆ: ಹಳೆಯ ಪೆಟ್ಟಿಗೆಯ ಸ್ಮರಣಕೋಶ ಇನ್ನೂ ಓದಲು ಬರುವಂತಿದ್ದರೆ, ಅದರಲ್ಲಿರುವುದನ್ನೆಲ್ಲ ಬೇರೊಂದು ಪೆಟ್ಟಿಗೆಗೆ ನಕಲು ಮಾಡುವುದು. ಇದು ಮೇಜಿನ ಮೇಲೆ, ನುರಿತ ಕೈಯಿಂದ ಆಗಬೇಕಾದ ಸೂಕ್ಷ್ಮ ಕೆಲಸ. ಕಾಗದಪತ್ರ ನೋಡಿ, ಬೈಕು ನಿಮ್ಮದೇ ಎಂದು ಖಚಿತಮಾಡಿಕೊಂಡು ಮಾಡುವವನು ಪ್ರಾಮಾಣಿಕ. ಏನನ್ನೂ ಕೇಳದೆ ಮಾಡಿಕೊಡುವವನು ನಾಳೆ ನಿಮ್ಮ ಬೈಕನ್ನು ಕದ್ದವನಿಗೂ ಏನನ್ನೂ ಕೇಳದೆ ಮಾಡಿಕೊಡುವನು.

ಏಕೆಂದರೆ 'ಲಾಕ್ ತೆಗೆಯುವುದು' ಎಂದು ಬೀದಿಯಲ್ಲಿ ಹೇಳುವುದು ಅನೇಕ ವೇಳೆ ಈ ಮೂರರಲ್ಲಿ ಯಾವುದೂ ಅಲ್ಲ. ಕೀಲಿಯನ್ನು ಕೇಳುವ ಆಜ್ಞೆಯನ್ನೇ ಸ್ಮರಣಕೋಶದಿಂದ ಅಳಿಸಿಬಿಡುತ್ತಾರೆ. ಬೈಕು ಹೊರಡುತ್ತದೆ, ನಿಜ. ಆದರೆ ಮುಂದೆ ಯಾವ ಮೊಂಡು ಕೀಲಿಗೂ ಹೊರಡುತ್ತದೆ. ಮನೆಯ ಬೀಗ ಕೆಟ್ಟಿತೆಂದು ಬಾಗಿಲನ್ನೇ ಕಿತ್ತಂತೆ. ಬೈಕು ಕಳವಾದಾಗ ವಿಮೆಯ ಹಣ ಕೇಳಲು ಹೋದರೆ ಎರಡೂ ಕೀಲಿಗಳನ್ನು ಒಪ್ಪಿಸಿರೆಂದು ವಿಮಾ ಕಂಪನಿಗಳು ಕೇಳುವುದು ವಾಡಿಕೆ. ಸೆಕೆಂಡ್‌ಹ್ಯಾಂಡ್ ಬೈಕನ್ನು ಒಂದೇ ಕೀಲಿಯೊಂದಿಗೆ ಕೊಳ್ಳುವವರು ಇದನ್ನು ಯೋಚಿಸಬೇಕು.

ಲಾಕ್ ತೆಗೆಯುವುದಕ್ಕೆ ಇನ್ನೊಂದು ಅರ್ಥವೂ ಉಂಟು. ಪೆಟ್ರೋಲು ಎಷ್ಟು, ಕಿಡಿ ಯಾವಾಗ ಎಂಬ ಪಟ್ಟಿಯನ್ನು ಕಂಪನಿಯವರು ಪೆಟ್ಟಿಗೆಯೊಳಗೆ ಬರೆದು ಬೀಗ ಹಾಕಿರುತ್ತಾರೆ. ಹೊರಗಿನ ಯಂತ್ರ ಒಳಗೆ ಬರಬೇಕಾದರೆ ಪೆಟ್ಟಿಗೆ ಒಂದು ಸಂಖ್ಯೆಯನ್ನು ಒಡ್ಡುತ್ತದೆ. ಅದಕ್ಕೆ ತಕ್ಕ ಉತ್ತರಸಂಖ್ಯೆ ಕೊಟ್ಟರೆ ಪ್ರವೇಶ. ಈ ಒಗಟನ್ನು ಬಿಡಿಸಿ ಪಟ್ಟಿಯನ್ನು ತಿದ್ದುವವರಿದ್ದಾರೆ. ವೇಗ ಹೆಚ್ಚುತ್ತದೆ ಎಂದು ಆಸೆ ಹುಟ್ಟಿಸುತ್ತಾರೆ. ಕೆಲವೊಮ್ಮೆ ಹೆಚ್ಚುತ್ತದೆ ಕೂಡ. ಜೊತೆಗೆ ಹೊಗೆಯೂ ಕಾವೂ ಹೆಚ್ಚಬಹುದು, ಗ್ಯಾರಂಟಿ ರದ್ದಾಗಬಹುದು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ಕಂಪನಿಯವರು ನಿಗದಿಪಡಿಸಿದ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ಮೇಲೆ, ಕಾನೂನಿಗೆ ಒಪ್ಪದ ಮಾರ್ಪಾಟಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಅಥವಾ ಮಾರ್ಪಾಟೊಂದಕ್ಕೆ 5,000 ರೂಪಾಯಿ ದಂಡ, ಅಥವಾ ಎರಡೂ. ಕೆಟ್ಟ ಪೆಟ್ಟಿಗೆಯ ಜಾಗದಲ್ಲಿ ಅದೇ ನಂಬರಿನ ಪೆಟ್ಟಿಗೆ ಹಾಕಿಸುವುದು ರಿಪೇರಿ. ಪಟ್ಟಿಯನ್ನು ತಿದ್ದಿಸುವುದು ಬೇರೆ ಮಾತು.

ಇನ್ನು ನಮ್ಮ ತರುಣನ ಕಥೆಗೆ ಬರೋಣ. ಆ ಮೂರು ಸಾವಿರವನ್ನು ಕೊಡಬೇಡವೆಂದು ಹೇಳಿ, ಬೈಕನ್ನು ಟೆಂಪೋದಲ್ಲಿ ಹೇರಿಸಿ ಕುರ್ಲಾದಲ್ಲಿರುವ ಮೂಲ್ಕಿ ಕಡೆಯ ವೃದ್ಧ ಮೆಕ್ಯಾನಿಕರೊಬ್ಬರ ಬಳಿಗೆ ಒಯ್ದೆವು. ಅವರು ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ನೆಗೆಟಿವಿಗೂ ಇನ್ನೊಂದನ್ನು ಪೆಟ್ಟಿಗೆಯ ಅರ್ತಿಂಗ್ ತಂತಿಗೂ ಹಿಡಿದು, ಹುಡುಗನಿಗೆ ಸೆಲ್ಫ್ ಒತ್ತಲು ಹೇಳಿದರು. ಸೊನ್ನೆಯ ಸಮೀಪವಿರಬೇಕಾದ ಅಂಕೆ ಒಂದು ವೋಲ್ಟನ್ನು ದಾಟಿತು. ತಂತಿಯನ್ನು ಹಿಡಿದುಕೊಂಡೇ ಹೋಗಿ ಟ್ಯಾಂಕಿನ ಅಡಿಯಲ್ಲಿ ಚಾಸಿಗೆ ಬಿಗಿದಿದ್ದ ಒಂದು ಬೋಲ್ಟನ್ನು ಬಿಚ್ಚಿದರು. ಅದರ ಉಂಗುರದ ತಾಮ್ರ, ಹುಳಿ ತುಂಬಿಟ್ಟ ಹಿತ್ತಾಳೆಯ ಪಾತ್ರೆಯಂತೆ ಹಸಿರುಗಟ್ಟಿತ್ತು.

"ಪೆಟ್ಟಿಗೆ ಸತ್ತದ್ದಲ್ಲ ಮಾರಾಯ್ರೇ. ಮಳೆ ನೀರು ಹೋಗಿ ಇಲ್ಲಿ ಕಿಲುಬು ಹಿಡಿದದ್ದು. ಇದಕ್ಕೆ ಎಷ್ಟು ಕೊಡ್ಲಿಕ್ಕುಂಟು ಹೇಳಿ? ಎರಡು ರೂಪಾಯಿಯ ಉಪ್ಪುಕಾಗದ" ಎಂದರು. ಉಪ್ಪುಕಾಗದಕ್ಕೆ ಪೂರ್ತಿ ಕೆಲಸ ತಪ್ಪಿಲ್ಲವೆಂದು ಅಂದು ನಮಗೆ ತಿಳಿಯಿತು.

ಆದರೆ ಬೈಕಿನಲ್ಲಿದ್ದದ್ದು ಪರರ ಪೆಟ್ಟಿಗೆ. ಕೆಂಪು ದೀಪ ಮಿಣುಕುತ್ತಲೇ ಇತ್ತು. ಮೂಲ ಪೆಟ್ಟಿಗೆ ಎಲ್ಲಿ ಎಂದು ಮೆಕ್ಯಾನಿಕರು ಕೇಳಿದಾಗ ಹುಡುಗನ ಮುಖ ಬಾಡಿತು. ಅದು ಮೊದಲಿನ ಗ್ಯಾರೇಜಿನಲ್ಲೇ ಉಳಿದಿತ್ತು. ಕೆಟ್ಟದ್ದಲ್ಲವೇ, ಕೊಂಡೊಯ್ದು ಮಾಡುವುದೇನೆಂದು ಅವನು ಕೇಳಿರಲಿಲ್ಲ. ಕೇಳೆಂದು ನಾವೂ ಹೇಳಿರಲಿಲ್ಲ. ಬದಲಿಸಿದ ಸಾಮಾನನ್ನು ಹಿಂದಕ್ಕೆ ಕೇಳಿ ಪಡೆಯುವುದು, ಹಾಕಿಸಿದ ಸಾಮಾನಿಗೆ ಬಿಲ್ಲು ಪಡೆಯುವುದು, ಈ ಎರಡನ್ನೂ ಹೋಟೆಲಿನಲ್ಲಿ ಗ್ರೈಂಡರ್ ರಿಪೇರಿ ಮಾಡಿಸುವಾಗ ನಾವು ಒಮ್ಮೆಯೂ ಬಿಟ್ಟವರಲ್ಲ. ಬೈಕಿನ ಹೊತ್ತಿಗೆ ಎರಡನ್ನೂ ಮರೆತಿದ್ದೆವು.

ಆ ಗ್ಯಾರೇಜಿಗೆ ಮೂರು ಸಲ ಹೋದೆವು. ಮೊದಲ ಸಲ "ಗುಜರಿಗೆ ಹೋಯಿತು" ಎಂದರು. ಎರಡನೆಯ ಸಲ ಮಾಲೀಕರಿರಲಿಲ್ಲ. ಮೂರನೆಯ ಸಲ ಕಪಾಟಿನಿಂದ ಅದನ್ನು ತೆಗೆದು ನಮ್ಮ ಮುಂದಿಟ್ಟರು. ಅಲ್ಲಿಯ ಕೆಲಸದ ಹುಡುಗನೇ ಆಮೇಲೆ ಹೊರಗೆ ಬಂದು ಹೇಳಿದ: ಇನ್ನೊಬ್ಬನ ಬೈಕಿಗೆ ಹಾಕಿ ನೋಡಿದ್ದರು, ಅಲ್ಲಿಯೂ ಕೆಂಪು ದೀಪ ಮಿಣುಕಿದ್ದರಿಂದ ಮರಳಿ ಬಂದಿತ್ತು. ಯಾವ ಬೀಗವನ್ನು ನಾವು ಮೂರು ದಿನ ಶಪಿಸಿದ್ದೆವೋ ಅದೇ ಬೀಗ ಹುಡುಗನ ಹದಿನೆಂಟು ಸಾವಿರವನ್ನು ಕಾದಿತ್ತು.

ಗ್ಯಾರೇಜಿನವರು ಮೋಸಗಾರರೋ, ಅರಿಯದೆ ಹೇಳಿದರೋ, ನಾವು ತೀರ್ಪು ಕೊಡಲಾರೆವು. ಆರು ಸಾವಿರದಲ್ಲಿ ಮೂರೂವರೆ ಹಿಂದಿರುಗಿಸಿ ತಮ್ಮ ಪೆಟ್ಟಿಗೆಯನ್ನು ವಾಪಸು ತೆಗೆದುಕೊಂಡರು. ಒಂದು ವಿಷಯವನ್ನು ಮಾತ್ರ ಮುಚ್ಚಿಡುವುದು ಸರಿಯಲ್ಲ. ಆ ಪೆಟ್ಟಿಗೆಯ ಲೇಬಲಿನ ಮೇಲಿದ್ದ ಅಂಕೆಗಳನ್ನು ಯಾರೋ ಬ್ಲೇಡಿನಿಂದ ಕೆರೆದಿದ್ದರು. ಕುರ್ಲಾದ ಮೇಜಿನ ಮೇಲೆಯೇ ನಾವು ಅದನ್ನು ಕಂಡೆವು, ಮೆಕ್ಯಾನಿಕರೂ ಕಂಡರು. ಕುರ್ಲಾದಲ್ಲಿ, ಚೆನ್ನೈಯ ಪುದುಪೇಟೆಯಲ್ಲಿ, ದಿಲ್ಲಿಯ ಮಾಯಾಪುರಿಯಲ್ಲಿ ಹಳೆಯ ಸಾಮಾನನ್ನು ನ್ಯಾಯವಾಗಿ ಮಾರುವವರೂ ಇದ್ದಾರೆ. ಅವರು ಬಿಲ್ಲು ಕೊಡಲು ಹೆದರುವುದಿಲ್ಲ, ನಂಬರು ಕೆರೆಯುವುದಿಲ್ಲ. ಕಳವಿನ ಮಾಲೆಂದು ತಿಳಿದೋ, ಹಾಗೆಂದು ನಂಬಲು ಕಾರಣವಿದ್ದೋ ಅಪ್ರಾಮಾಣಿಕವಾಗಿ ಇಟ್ಟುಕೊಂಡವನಿಗೆ 2024ರ ಜುಲಾಯಿ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆ ಮೂರು ವರುಷಗಳವರೆಗೆ ಸಜೆಯಾಗಬಹುದು. ಹುಡುಗ ಠಾಣೆಯ ಹೆಸರು ಕೇಳಿಯೇ ನಡುಗಿದ. ನಾವೂ ಹೆಚ್ಚು ಒತ್ತಾಯಿಸದೆ ಪೆಟ್ಟಿಗೆಯನ್ನು ಹಿಂದಿರುಗಿಸಿಬಿಟ್ಟೆವು. ಅದನ್ನು ಠಾಣೆಗೇ ಒಯ್ಯಬೇಕಾಗಿತ್ತೆಂದು ಈಗ ತೋರುತ್ತದೆ. ಅದೂ ಯಾರೋ ಮುಂಜಾನೆಯ ಪಾಳಿಗೆ ಹೋಗುವವನ ಬೈಕಿನದ್ದೇ ಆಗಿದ್ದಿರಬಹುದು.

ಮೂಲ ಪೆಟ್ಟಿಗೆಯನ್ನು ಮೆಕ್ಯಾನಿಕರು ಸ್ವಸ್ಥಾನದಲ್ಲಿ ಕೂರಿಸಿ, ಪಿನ್ನುಗಳನ್ನು ಒರೆಸಿ, ಬ್ಯಾಟರಿ ಸೇರಿಸಿದರು. ಹುಡುಗ ಕೀಲಿ ತಿರುಗಿಸಿದ. ಕೆಂಪು ದೀಪ ಒಮ್ಮೆ ಹೊಳೆದು ಆರಿತು. ಪಂಪು 'ಝುಂಯ್' ಎಂದಿತು. ಸೆಲ್ಫ್ ಒತ್ತಿದ ಮೊದಲ ಸಲಕ್ಕೇ ಎಂಜಿನು ಹೊರಟಿತು. ಮೆಕ್ಯಾನಿಕರು ಮುನ್ನೂರು ರೂಪಾಯಿ ತೆಗೆದುಕೊಂಡು, ನಾವು ಕೇಳದೆಯೇ ಚೀಟಿ ಬರೆದು ಕೊಟ್ಟರು. ಹುಡುಗ ಈಚೆಗೆ ಬೈಕಿನ ಹಿಂದಿನ ಮಾಲೀಕರನ್ನು ಹುಡುಕಿ, ಕೊಳ್ಳುವಾಗ ಕೇಳದೆ ಬಿಟ್ಟಿದ್ದ ಎರಡನೆಯ ಕೀಲಿಯನ್ನು ತರಿಸಿಕೊಂಡಿದ್ದಾನೆ. ಅದನ್ನು ಕೋಣೆಯಲ್ಲಿ ಇಡಲು ಧೈರ್ಯ ಸಾಲದೆ, ಊರಿಗೆ ಹೊರಟವರೊಬ್ಬರ ಕೈಯಲ್ಲಿ ತಾಯಿಗೆ ಕಳುಹಿಸಿಕೊಟ್ಟಿದ್ದಾನೆ.